ಐದು ಮೀಟರಿನ ಪಟ್ಟಿ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಹೊಳೆಯಕ್ಕ ಎನ್ನುತ್ತಿದ್ದರು. ಮೇಲಿನ ಗುಡ್ಡಗಳಲ್ಲಿ ಬಿದ್ದ ಮಳೆ ಎಷ್ಟು ನೆಲಕ್ಕೆ ಇಂಗುತ್ತದೆ, ಎಷ್ಟು ಹರಿದು ಹೊಳೆ ಸೇರುತ್ತದೆ, ಸೇತುವೆಯ ಬಳಿ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಆ ಲೆಕ್ಕಕ್ಕೆ ಹಳೆಯ ಅಳತೆಗಳೇ ಆಧಾರ. ಅವನ್ನು ಬರೆದಿಟ್ಟವರು ಅವಳ ಅಪ್ಪ. ಸೇತುವೆಯ ಕಂಬಕ್ಕೆ ಬಡಿದ ಅಳತೆಪಟ್ಟಿಯನ್ನು ಮೂವತ್ತು ವರ್ಷ, ದಿನಕ್ಕೆ ಮೂರು ಸಲ ನೋಡಿ ಬಂದವರು.

ಅಪ್ಪನ ಅಂಕಿಗಳಲ್ಲಿ ಒಂದನ್ನು ಮಾತ್ರ ಅವಳು ತಿದ್ದಿದ್ದಳು. ಅವಳು ಮೂರು ವರ್ಷದ ಮಗುವಾಗಿದ್ದಾಗಿನ ಮಳೆಗಾಲದ್ದು: 6.40. ಪಟ್ಟಿ ಇರುವುದೇ ಐದು ಮೀಟರ್. ಅವಸರದಲ್ಲಿ ಅಂಕಿ ಅದಲುಬದಲಾಗಿದೆ ಎಂದುಕೊಂಡು 4.60 ಮಾಡಿದಳು. ಲೆಕ್ಕದ ಗೆರೆ ಅಳತೆಯ ಗೆರೆಯ ಮೇಲೆ ನೀಟಾಗಿ ಕೂತಿತು. ಸಾಹೇಬರು ಭೇಷ್ ಎಂದರು.

ಆಸ್ಪತ್ರೆಯ ಮಂಚದಲ್ಲಿ ಕೊನೆಯ ವಾರ ಅಪ್ಪ ಕೇಳಿದ್ದರು, “ಆ ಆರು ನಲವತ್ತು ಹಾಕಿದ್ಯಾ ಮಗಳೇ?”

“ಹಾಕ್ದೆ ಅಪ್ಪ.”

ಆಮೇಲೆ ಎರಡು ವರ್ಷ, ಲೆಕ್ಕ ಓಡಿಸಿದಾಗಲೆಲ್ಲ ಬೆನ್ನ ಹಿಂದೆ ಯಾರೋ ಸಣ್ಣಗೆ ಕೆಮ್ಮಿದಂತಾಗುತ್ತಿತ್ತು. ತಿರುಗಿದರೆ ಖಾಲಿ ಕುರ್ಚಿ.

ಈ ಸಲ ಎರಡು ದಿನ ಎಡೆಬಿಡದೆ ಮಳೆ. ರಾತ್ರಿ ನೀರು 4.70ರವರೆಗೆ ಏರುತ್ತದೆ ಎಂದಿತು ಮಧ್ಯಾಹ್ನ ಕಂಪ್ಯೂಟರ್. ಕೆಳಗಿನ ಬೀದಿಯ ಹೊಸ್ತಿಲಿಗೆ ನೀರು ಬರಬೇಕಾದರೆ ಐದೂವರೆ ದಾಟಬೇಕು.

“ಹಾಗಾದ್ರೆ ಯಾರನ್ನೂ ಎಬ್ಬಿಸೋದು ಬೇಡ,” ಎಂದರು ಸಾಹೇಬರು. “ಹೋದ ಸಲ ಸುಮ್ನೆ ಬೀದಿ ಖಾಲಿ ಮಾಡ್ಸಿ ಬೈಸ್ಕೊಂಡಿದ್ದೇ ಸಾಕು.”

“ಒಂದು ಗಂಟೆ ಕೊಡಿ ಸಾರ್.”

ಮತ್ತೆ ಆ ಕೆಮ್ಮು. ಅವಳು ಕೊಡೆ ಹಿಡಿದು ಕೆಳಗಿನ ಬೀದಿಗೆ ನಡೆದಳು. ಅಲ್ಲಿನ ಮೊದಲ ಮನೆ ಇಸ್ತ್ರಿ ಮಾಮನದು.

“ಏನಮ್ಮ, ನಿನ್ ಕಂಪ್ಯೂಟರ್‌ಗೆ ಈಜು ಬರುತ್ತಾ?” ಎಂದು ನಕ್ಕ ಮಾಮ.

“ಮಾಮ, ನಿಮ್ ಮನೆಗೆ ಯಾವತ್ತಾದ್ರೂ ನೀರು ಬಂದಿತ್ತಾ?”

ಅವನು ಗೋಡೆ ತೋರಿಸಿದ. ಸೊಂಟದೆತ್ತರಕ್ಕೆ ತುಕ್ಕು ಹಿಡಿದ ಮೊಳೆ. ಅದಕ್ಕೊಂದು ಒರೆಸುವ ಬಟ್ಟೆ ತೂಗುತ್ತಿತ್ತು. “ನೀನಿನ್ನೂ ಸಣ್ಣ ಮಗು. ಆಗ ಈ ಬೀದೀಲಿ ಇದ್ದದ್ದು ನಾನೊಬ್ನೇ. ಪಟ್ಟಿ ಪೂರ್ತಿ ಮುಳುಗ್ತು. ನಿಮ್ಮಪ್ಪ ನೀರಲ್ಲೇ ನಿಂತು ಈ ಮೊಳೆ ಹೊಡೆದ್ರು. ನೀರಿಳಿದ ಮೇಲೆ ಗಾರೆಯವನು ಮಟ್ಟ ನೋಡೋ ನೀರಿನ ಪೈಪು ತಂದು, ಪಟ್ಟಿಯಿಂದ ಇಲ್ಲೀವರೆಗೆ ಅಳೆದ್ರು. ನಿನಗೆ ಹೇಳ್ಲಿಲ್ವಾ?”

ಅವಳು ಕೇಳಿರಲಿಲ್ಲ.

ಓಡುತ್ತಲೇ ಕಚೇರಿಗೆ ಬಂದು 6.40 ಹಾಕಿ, ಲೆಕ್ಕವನ್ನು ಮತ್ತೆ ಹೊಂದಿಸಿ ಓಡಿಸಿದಳು. 6.30. “ನಾನೇ ಅಂಕಿ ತಿದ್ದಿದ್ದೆ ಸಾರ್, ತಪ್ಪು ನಂದೇ. ಬೀದಿ ಖಾಲಿ ಮಾಡ್ಸಿ,” ಎಂದಳು. ಸಾಹೇಬರು ಅವಳ ಮುಖವನ್ನೊಮ್ಮೆ ನೋಡಿ ಫೋನೆತ್ತಿದರು. ಸಂಜೆಯೊಳಗೆ ಬೀದಿಯವರೆಲ್ಲ ಶಾಲೆ ಸೇರಿದರು. ಮಾಮ ಇಸ್ತ್ರಿ ಪೆಟ್ಟಿಗೆಯನ್ನು ಹೊತ್ತೇ ಬಂದ.

ಮರುದಿನ ನೀರಿಳಿದಾಗ ಗೋಡೆಯ ಮೇಲಿನ ಕೆಸರಿನ ಗೆರೆ ಮೊಳೆಗಿಂತ ಎರಡು ಬೆರಳಷ್ಟೇ ಕೆಳಗಿತ್ತು. ಅವಳು ಟೇಪು ಹಿಡಿದು ಅಳೆದು, ಅಪ್ಪನ ನೋಟ್‌ಬುಕ್ಕಿನಲ್ಲೇ ಬರೆದಳು: 6.36. ಪಕ್ಕದಲ್ಲಿ ಮೊಳೆಯ ಸಂಗತಿಯನ್ನೂ ಬರೆದಳು.

ಕಚೇರಿಯಲ್ಲಿ ಕಂಪ್ಯೂಟರಿಗೆ ಅಂಕಿ ಸೇರಿಸುವ ಹುಡುಗಿ ಹುಬ್ಬು ಗಂಟಿಕ್ಕಿದಳು. “ಅಕ್ಕಾ, ಪಟ್ಟಿ ಇರೋದೇ ಐದು ಮೀಟರ್. ಮೂರು ಅರವತ್ತಾರು ಇರ್ಬೇಕು, ಅಲ್ವಾ?”

“ಅಲ್ಲ. ಹಾಗೇ ಹಾಕು.”

ಅವಳು ಹುಡುಗಿಯ ಬೆನ್ನ ಹಿಂದೆ ಹೋಗಿ ನಿಂತಳು.

“ಹಾಕ್ದೆ ಅಕ್ಕಾ.”

ಹೊಳೆಯಕ್ಕ ಬಗ್ಗಿ, ಪರದೆಯನ್ನು ತಾನೇ ನೋಡಿದಳು.