ಓದಿ ಅಂಟಿಸಿ

ಆ ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಚೀಟಿಯಪ್ಪ. ವಯಸ್ಸು ಐವತ್ತೆರಡು, ಒಂದೇ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷ. ಆಸ್ಪತ್ರೆಗಳಲ್ಲಿ ರೋಗಿಗಳ ಸರದಿ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ಕೋಡ್ ಬರೆಯುವವರಿಗೆ ಪದೇ ಪದೇ ಬೇಕಾಗುವ ತುಣುಕುಗಳನ್ನೆಲ್ಲ ಇವನು ಒಂದೇ ಫೈಲಿನಲ್ಲಿ ಕೂಡಿಟ್ಟಿದ್ದ. ಸಾವಿರ ಫೈಲುಗಳ ಹೆಸರು ಒಂದೇ ಏಟಿಗೆ ಬದಲಿಸುವುದು ಹೇಗೆ, ಪಟ್ಟಿಯಲ್ಲಿ ಎರಡು ಸಲ ನುಸುಳಿದವರನ್ನು ಹೊರಗೆ ಹಾಕುವುದು ಹೇಗೆ, ಹೀಗೆ ನಾನೂರ ಹನ್ನೆರಡು ತುಣುಕು. ಫೈಲಿನ ಹೆಸರು ‘ಚೀಟಿ’. ಮೊದಲ ಸಾಲೇ, ‘ಓದಿ ಅಂಟಿಸಿ. ಓದದೆ ಅಂಟಿಸಬೇಡಿ.’

ಆ ಸಾಲನ್ನು ಯಾರು ಓದಿದರು ಅಂತ ಮಾತ್ರ ಕೇಳಬೇಡಿ. ಬಂದರು, ಹುಡುಕಿದರು, ಎತ್ತಿದರು, ಅಂಟಿಸಿದರು, ಕಾಫಿಗೆ ಹೋದರು. ಅಷ್ಟೇ ಅವರ ವಿದ್ಯೆ.

ಎಂಬತ್ತೇಳನೆಯ ತುಣುಕಿನ ಕಥೆ ಕೇಳಿ. ಪ್ರೋಗ್ರಾಂ ನಿಂತುಹೋದರೆ ಯಾರದಾದರೂ ಫೋನಿಗೆ ತಾನೇ ಮೆಸೇಜು ಕಳಿಸುವ ತುಣುಕು ಅದು. ಉದಾಹರಣೆಗೆ ಒಂದು ನಂಬರ್ ಬೇಕಿತ್ತು. ಚೀಟಿಯಪ್ಪನಿಗೆ ತನ್ನ ನಂಬರೇ ನೆನಪಿರುವುದಿಲ್ಲ, ಬಾಯಿಪಾಠ ಬರುವುದು ಹೆಂಡತಿಯದೊಂದೇ. ಅದನ್ನೇ ಹಾಕಿ, ಪಕ್ಕದಲ್ಲಿ ‘ಇದು ನಮ್ಮ ಮನೆಯವಳ ನಂಬರ್, ದಯವಿಟ್ಟು ಬದಲಿಸಿ’ ಅಂತ ಬರೆದ. ಎಂಟು ವರ್ಷದಲ್ಲಿ ಅರವತ್ತಮೂರು ಪ್ರೋಗ್ರಾಂಗಳಿಗೆ ಆ ತುಣುಕು ಹೋಯಿತು. ಜೊತೆಗೆ ಆ ನಂಬರೂ ಹೋಯಿತು. ಇನ್ನೂ ತಮಾಷೆಯೆಂದರೆ, ‘ದಯವಿಟ್ಟು ಬದಲಿಸಿ’ ಅನ್ನುವ ಸಾಲೂ ಅರವತ್ತಮೂರು ಕಡೆ ಹೋಗಿ ಕೂತಿತ್ತು!

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಅಳತೆ ಟೇಪು ಕೊರಳಲ್ಲಿ, ಗುಂಡುಸೂಜಿ ತುಟಿಯಲ್ಲಿ, ಫೋನು ಕತ್ತರಿಯ ಪಕ್ಕದಲ್ಲಿ. ಟಿಂಗ್ ಅಂದರೆ ಮಿಷನ್ ನಿಲ್ಲಿಸಿ ಗಂಡನಿಗೆ ಫೋನ್ ಮಾಡುವಳು.

“ರೀ, ನಿಮ್ಮ ಹನ್ನೊಂದನೇ ಆಸ್ಪತ್ರೆದು ಮತ್ತೆ ಮಲಗಿದೆಯಂತೆ. ಎಬ್ಬಿಸಿ.”

ಅವನು ಎಬ್ಬಿಸುವನು. ಆಸ್ಪತ್ರೆಯವರು ದೂರು ಹೇಳುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತಿತ್ತು. ಚೀಟಿಯಪ್ಪನ ಮೂಗಿಗೆ ತೊಂದರೆಯ ವಾಸನೆ ಮೊದಲೇ ಹತ್ತುತ್ತದೆ ಅಂತ ಕಚೇರಿಯೆಲ್ಲ ಹೊಗಳಿತು. ಅವನೂ ಮನುಷ್ಯನೇ ತಾನೆ, ಹೊಗಳಿಕೆ ಸಿಹಿಯಾಗಿತ್ತು, ಸುಮ್ಮನಿದ್ದುಬಿಟ್ಟ.

ಆಮೇಲೆ ಹೊಸ ಮ್ಯಾನೇಜರ್ ಬಂದ. ಬಂದ ವಾರಕ್ಕೇ ಚೀಟಿಯಪ್ಪನನ್ನು ಗಾಜಿನ ಕೋಣೆಗೆ ಕರೆದ.

“ನೋಡಿ ಸರ್, ಜ್ಞಾನ ವ್ಯಕ್ತಿಯಲ್ಲಿ ಇರಬಾರದು, ವ್ಯವಸ್ಥೆಯಲ್ಲಿ ಇರಬೇಕು. ನಿಮ್ಮ ಜ್ಞಾನವೆಲ್ಲ ಚೀಟಿಯಲ್ಲಿ ಇದೆ ತಾನೆ?”

“ಇದೆ ಸರ್,” ಅಂದ ಚೀಟಿಯಪ್ಪ ಹೆಮ್ಮೆಯಿಂದ.

“ಹಾಗಾದರೆ ಶುಕ್ರವಾರ ನಿಮ್ಮ ಕೊನೇ ದಿನ.”

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಹತ್ತೊಂಬತ್ತು ವರ್ಷ ದಾಟಿಸಿದವನು ಪೆಚ್ಚು ಮೋರೆ ಹಾಕಿಕೊಂಡು ಮನೆಗೆ ಬಂದ. ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಬಟ್ಟೆ ರಾಶಿಯ ಪಕ್ಕ ಕೂತು ಅವನು ಮೆಲ್ಲಗೆ ಅಂದ, “ಆ ನಂಬರ್ ವಿಷಯ ಹೇಳದೆ ಬಂದುಬಿಡ್ತೀನಿ ಕಣೇ. ಒಂದು ವಾರ ಒದ್ದಾಡಲಿ. ತಾವಾಗಿಯೇ ಓಡಿ ಬರ್ತಾರೆ.”

ಅವಳು ತುಟಿಯಿಂದ ಗುಂಡುಸೂಜಿ ತೆಗೆದಳು. “ಒದ್ದಾಡೋದು ನಿಮ್ಮ ಮ್ಯಾನೇಜರಾ? ಬೆಂಚಿನ ಮೇಲೆ ಕಾಯೋ ಮುದುಕರು, ಕೂಸು ಎತ್ತಿಕೊಂಡ ತಾಯಂದಿರು. ನಾಳೆ ಹೋಗಿ ಹೇಳಿ. ಇಲ್ಲದಿದ್ದರೆ ನನಗೆ ಮುಖ ತೋರಿಸಬೇಡಿ.”

ಅವನಿಗೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. ಮರುದಿನವೇ ಹೋಗಿ ಎಂಬತ್ತೇಳನೆಯ ತುಣುಕಿನ ಕಥೆಯನ್ನು ಮ್ಯಾನೇಜರನ ಮುಂದೆ ಮೊದಲಿಂದ ಕೊನೆಯವರೆಗೂ ಒಪ್ಪಿಸಿದ. ಮ್ಯಾನೇಜರ್ ಗಡಿಯಾರ ನೋಡಿದ.

“ಇದೆಲ್ಲ ಚೀಟಿಯಲ್ಲಿ ಬರೆದಿದೆಯಾ?”

“ಬರೆದಿದೆ ಸರ್. ಆದರೆ ಯಾರೂ ಓದೋದಿಲ್ಲ.”

“ಬರೆದಿದ್ದರೆ ಆಯ್ತಲ್ಲ, ಮತ್ತೇನು!”

ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಶುಕ್ರವಾರ ಕೇಕು ಕತ್ತರಿಸಿ ಚೀಟಿಯಪ್ಪನನ್ನು ಕಳಿಸಿಕೊಟ್ಟರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಟಿಂಗ್. ಕಾಲರ್ ಹೊಲಿಯುತ್ತಿದ್ದವಳು ಎದುರಿಗೇ ಕೂತ ಗಂಡನನ್ನು ನೋಡಿದಳು, ನಿಟ್ಟುಸಿರು ಬಿಟ್ಟಳು, ನೇರ ಕಚೇರಿಗೇ ಫೋನ್ ಮಾಡಿದಳು. “ನಿಮ್ಮ ನಾಲ್ಕನೇ ಆಸ್ಪತ್ರೆ ಸರದಿ ನಿಂತಿದೆಯಪ್ಪ, ನೋಡಿ.” ಮಂಗಳವಾರ ಎರಡು ಸಲ. ಗುರುವಾರ ಅಂಗಿಯ ಗಿರಾಕಿಗಳು ತುಂಬಿದ್ದರಿಂದ ಅವಳು ಫೋನ್ ನೋಡಲಿಲ್ಲ. ಅಂದು ಮೂರು ಆಸ್ಪತ್ರೆಗಳಲ್ಲಿ ಮಧ್ಯಾಹ್ನದವರೆಗೂ ಒಬ್ಬ ರೋಗಿಯ ಹೆಸರನ್ನೂ ಕರೆಯಲಿಲ್ಲ.

ಕಚೇರಿಯಲ್ಲಿ ಸಭೆ ಸೇರಿತು. ಅರವತ್ತಮೂರು ಕಡೆ ನಂಬರ್ ಬದಲಿಸೋಣ ಅಂತ ಒಬ್ಬಾಕೆ ಅಂದಳು. ಮುಟ್ಟಿದರೆ ಇನ್ನೇನು ಮುರಿಯುತ್ತದೋ ಅಂತ ಉಳಿದವರು ಹೌಹಾರಿದರು. ಕೊನೆಗೆ ಚೀಟಿಗೆ ಹೊಸ ಸಾಲೊಂದು ಸೇರಿತು: ‘ತೊಂದರೆಯಾದರೆ ಮೇಡಂ ಫೋನ್ ಮಾಡುತ್ತಾರೆ, ಕಾಯಿರಿ.’ ಮೇಡಂ ಮತ್ತೆ ಮರೆತರೆ? ಆಕೆಯನ್ನೇ ಕೆಲಸಕ್ಕೆ ತೆಗೆದುಕೊಳ್ಳಿ ಅಂದ ಮ್ಯಾನೇಜರ್. ಹೊರಗೆ ಹಾಕಿದವನನ್ನು ವಾಪಸು ಕರೆದರೆ ಮರ್ಯಾದೆ ಏನಾಗಬೇಕು! ಅಳಿಯ ಅಲ್ಲ, ಮಗಳ ಗಂಡ.

ನೇಮಕಾತಿ ಪತ್ರ ಮನೆಗೆ ಬಂತು, ಮ್ಯಾನೇಜರನ ದೊಡ್ಡ ಸಹಿಯೊಂದಿಗೆ. ಅವಳು ಕನ್ನಡಕ ಏರಿಸಿ ಮೊದಲ ಅಕ್ಷರದಿಂದ ಕೊನೆಯ ಚುಕ್ಕಿಯವರೆಗೂ ಓದಿದಳು. ಓದುತ್ತ ಓದುತ್ತ ನಗತೊಡಗಿದಳು. ಯಾರೋ ಚೀಟಿಯಪ್ಪನ ಹಳೇ ಪತ್ರವನ್ನೇ ಎತ್ತಿ ಅಂಟಿಸಿದ್ದರು. ಹೆಸರು ಅವನದು, ಹುಟ್ಟಿದ ದಿನ ಅವನದು, ಹುದ್ದೆಯೂ ಅವನದೇ. ತಾರೀಖು, ಸಹಿ ಹೊಸದು. ಫೋನ್ ನಂಬರ್ ಒಂದು ಮಾತ್ರ ಅವಳದು.

“ಏನಂತೆ?” ಅಂದ ಚೀಟಿಯಪ್ಪ, ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತ. “ಏನಾದರೂ ತಪ್ಪಿದೆಯಾ? ಇದ್ದರೆ ಈಗಲೇ ಹೇಳಿಬಿಡೋಣ.”

“ಅವರಿಗೆ ಹೋದ ಸಲ ಹೇಳಿದ್ದು ಸಾಲದಾ?” ಅವಳು ಪತ್ರ ಮಡಚಿ, ಸಹಿಯ ಜಾಗ ಮಾತ್ರ ಕಾಣುವಂತೆ ಅವನ ಮುಂದಿಟ್ಟು ಪೆನ್ನು ಕೊಟ್ಟಳು. “ನಾನು ಓದಿದೀನಿ. ಸುಮ್ನೆ ಸಹಿ ಹಾಕಿ. ಸೋಮವಾರ ಹೊತ್ತಿಗೆ ಸರಿಯಾಗಿ ಹೋಗಿ ಕೂತ್ಕೊಳ್ಳಿ.”

ಅವನು ಅವಳ ಮುಖ ನೋಡಿದ. ಮಡಚಿದ ಕಾಗದ ನೋಡಿದ. ಹತ್ತೊಂಬತ್ತು ವರ್ಷ ಕಂಡಕಂಡವರಿಗೆಲ್ಲ ಓದಿ ಓದಿ ಅಂತ ಬಡಿದುಕೊಂಡಿದ್ದ ಚೀಟಿಯಪ್ಪ, ಜೀವಮಾನದಲ್ಲೇ ಮೊದಲ ಸಲ, ಓದದೆ ಸಹಿ ಹಾಕಿದ.