ಹದಿನಾಲ್ಕು ಸೂಜಿ, ಒಂದು ಕಾಲ್ಮಣೆ

ಕಳೆದ ವಾರ ನಂಜನಗೂಡಿನ ಒಂದು ಕ್ಲಿನಿಕ್ಕಿನಲ್ಲಿ ಶೀತಜ್ವರದ ಸೂಜಿ ಹಾಕಿಸಿಕೊಂಡೆ. ವಯಸ್ಸಾದವರು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳತಕ್ಕದ್ದೆಂದು ಡಾಕ್ಟರು ಆಜ್ಞಾಪಿಸಿದ್ದರಿಂದ, ನಾನೂ ಆ ಪೈಕಿಯವನೆಂದು ತಾತ್ಕಾಲಿಕವಾಗಿ ಒಪ್ಪಿಕೊಂಡು ಹೋಗಿದ್ದೆ. ಮಂಚ ಎತ್ತರವಿತ್ತು. ನರ್ಸಮ್ಮ ಒಂದು ಮರದ ಕಾಲ್ಮಣೆಯನ್ನು ಕಾಲಿನಿಂದಲೇ ನನ್ನ ಮುಂದೆ ತಳ್ಳಿ, “ಇದರ ಮೇಲೆ ಹತ್ತಿ ಕೂತ್ಕೊಳಿ ತಾತ” ಎಂದಳು. ತಾತ ಎಂದದ್ದಕ್ಕೆ ತಕ್ಕ ಉತ್ತರ ತುಟಿಯವರೆಗೂ ಬಂದಿತ್ತು. ಆದರೆ ಆ ಸ್ಪಿರಿಟ್ಟಿನ ವಾಸನೆ, ಕಾಲಡಿಯಲ್ಲಿ ಮಣೆಯ ಸಣ್ಣ ಅಲುಗಾಟ... ನೆನಪಾದದ್ದು ಪುರಿಯಜ್ಜಿ.

ತೊಂಬತ್ತರ ದಶಕದ ಮಾತು. ಬದನವಾಳಿನ ಆಚೆಗಿನ ಒಂದು ಹಳ್ಳಿಯಲ್ಲಿ ನಾನು ಮೇಷ್ಟ್ರಾಗಿದ್ದೆ. ನಮ್ಮ ಮನೆ ಬಸ್‌ಸ್ಟಾಪಿನ ಎದುರು. ಪಕ್ಕದ ಮನೆ ಅಜ್ಜಿಯ ಮಗಳದು. ಬಾಣಲೆಯಲ್ಲಿ ಮರಳು ಕಾಯಿಸಿ ಕಡಲೆಪುರಿ ಹುರಿಯುವುದು ಅಜ್ಜಿಯ ಕಸುಬು. ಬೆಳಗ್ಗೆ ಕಾದ ಮರಳಿನ ವಾಸನೆ ಗೋಡೆ ದಾಟಿ ಬಂದು ನನ್ನನ್ನು ಎಬ್ಬಿಸುತ್ತಿತ್ತು. ಎಪ್ಪತ್ತು ದಾಟಿದ್ದರೂ ಸೌದೆ ಸೀಳುತ್ತಿದ್ದರು, ಕುಕ್ಕೆ ಹೊತ್ತು ಮೂರು ಊರು ಸುತ್ತಿ ಮಾರಿ ಬರುತ್ತಿದ್ದರು. ಅವರ ಆರೋಗ್ಯದ ವಿಚಾರದಲ್ಲಿ ಸಂಶಯಪಡುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಸಂಶಯ ಬಂದವರಿಗೆ ಮರುದಿನದಿಂದ ಪುರಿ ಅಳೆಯುವಾಗ ಅಜ್ಜಿಯ ಕೈ ಸ್ವಲ್ಪ ಬಿಗಿಯಾಗುತ್ತಿತ್ತು.

ಒಂದು ಬೆಳಗ್ಗೆ, ದಿನಾ ಪುರಿಗೆ ಕಾದು ಕೂರುತ್ತಿದ್ದ ಬೀದಿನಾಯಿ ಅಜ್ಜಿಯ ಮೀನಖಂಡಕ್ಕೆ ಬಾಯಿ ಹಾಕಿತು. ಎರಡು ದಿನ ಕಳೆದು ಆ ನಾಯಿ ಹುಚ್ಚು ಹಿಡಿದು ಕೆರೆ ಏರಿಯ ಮೇಲೆ ಸತ್ತು ಬಿದ್ದಿತ್ತು. ಸುದ್ದಿ ಕೇಳಿದವನೇ ಅಜ್ಜಿಯನ್ನು ಪರಿಚಯದವರ ತಗ್ಗು ಮೆಟ್ಟಿಲಿನ ಟೆಂಪೋದಲ್ಲಿ ನಂಜನಗೂಡಿಗೆ ಕರೆದುಕೊಂಡು ಹೋದೆ. ಡಾಕ್ಟರು ಚೀಟಿಯಲ್ಲಿ ಹದಿನಾಲ್ಕು ಚೌಕ ಎಳೆದರು. ಆಗಿನ ಕ್ರಮ ಅದು: ದಿನಕ್ಕೊಂದರಂತೆ ಹೊಟ್ಟೆಗೆ ಹದಿನಾಲ್ಕು ಸೂಜಿ. “ಒಂದೂ ತಪ್ಪಬಾರದು. ತಪ್ಪಿದರೆ ಆಮೇಲೆ ನಮ್ಮ ಕೈಲಿ ಏನೂ ಇರೋದಿಲ್ಲ” ಎಂದರು. ಅಜ್ಜಿ ಚೀಟಿಯನ್ನು ಎಲೆಅಡಿಕೆ ಚೀಲದೊಳಗೆ ಸೇರಿಸಿದರು.

ಮರುದಿನ ಎಂಟು ಗಂಟೆಯ ಬಸ್ಸು ಬಂತು. ಅಜ್ಜಿ ಹತ್ತಲಿಲ್ಲ. ಎಂಟೂವರೆಯದೂ ಹೋಯಿತು. ಜಗಲಿಯಿಂದ ನೋಡುತ್ತಿದ್ದ ನಾನು ಹೋಗಿ ಕೇಳಿದೆ.

“ರಷ್ಷು ಕಣಪ್ಪ” ಎಂದರು.

ಬಸ್ಸು ಖಾಲಿ ಇತ್ತು. ಮೂರನೆಯದು ಬಂದಾಗ ಪಕ್ಕದಲ್ಲೇ ನಿಂತು ನೋಡಿದೆ. ಅಜ್ಜಿ ಎರಡೂ ಕೈಯಲ್ಲಿ ಕಂಬಿ ಹಿಡಿದರು, ಕಾಲೆತ್ತಿದರು. ಕಾಲು ಒಂದು ಗೇಣು ಮೇಲೆದ್ದು, ಮೆಟ್ಟಿಲ ಅಂಚಿಗೆ ತಾಗಿ, ವಾಪಸು ಬಂತು. ಮತ್ತೊಮ್ಮೆ... ಮತ್ತೂ ಅಷ್ಟೇ. ನೆಲದ ಮೇಲೆ ದಿನಕ್ಕೆ ಮೂರು ಊರು ನಡೆಯುವ ಮಂಡಿ, ನೆಲ ಬಿಟ್ಟು ಒಂದೂವರೆ ಅಡಿ ಏರಲಾರದಾಗಿತ್ತು. ಅಜ್ಜಿಯ ಬದುಕಿನಲ್ಲಿ ಏರಬೇಕಾದದ್ದು ಏನೂ ಇರಲಿಲ್ಲವಾದ್ದರಿಂದ ಈ ಗುಟ್ಟು ಅದುವರೆಗೂ ಯಾರಿಗೂ ತಿಳಿದಿರಲಿಲ್ಲ.

ನಮ್ಮ ತಂದೆಯ ಆರಾಮಕುರ್ಚಿಯ ಜೊತೆಗೆ ಒಂದು ಹಲಸಿನ ಮರದ ಕಾಲ್ಮಣೆ ಇತ್ತು. ಓಡಿ ಹೋಗಿ ಅದನ್ನು ತಂದು ಮೆಟ್ಟಿಲ ಕೆಳಗಿಟ್ಟೆ.

“ಮಣೆ ಮ್ಯಾಲೆ ನಿಲ್ಲೋಕೆ ನಾನೇನು ಮದ್ಲಗಿತ್ತಿಯೇನಪ್ಪ?” ಎಂದು ಅಜ್ಜಿ ಸುತ್ತ ನೋಡಿದರು.

ಕಂಡಕ್ಟರು ಸೀಟಿ ಬಾಯಿಂದ ತೆಗೆದು, “ಬೇಗ ಅತ್ತಜ್ಜಿ, ಸಿಂಹಾಸನ ಖಾಲಿ ಐತೆ” ಎಂದ.

“ನಿನ್ ಬಸ್ಸು ಕಟ್ದೋನು ಒಂಟೆ ಮ್ಯಾಲೆ ಕೂತ್ಕಂಡು ಅಳ್ತೆ ತಕಂಡಿದ್ನೇನ್ಲಾ?” ಎನ್ನುತ್ತಲೇ ಅಜ್ಜಿ ಹತ್ತಿದರು. ವಾಪಸು ಬರುವಾಗ ತೊಂದರೆಯಿರಲಿಲ್ಲ. ನಂಜನಗೂಡಿನ ಬಸ್‌ಸ್ಟ್ಯಾಂಡಿನ ಕಟ್ಟೆ ಬಸ್ಸಿನ ಮೆಟ್ಟಿಲಿಗೆ ಸಮನಾಗಿತ್ತು.

ಅಂದಿನಿಂದ ಇದು ರಾಜೋಪಚಾರದ ರೀತಿ ನಡೆಯಿತು. ಬಸ್ಸು ನಿಂತೊಡನೆ ನಾನು ಕಾಲ್ಮಣೆಯೊಡನೆ ಹಾಜರಾಗುವುದು, ಅಜ್ಜಿ ನನ್ನ ಹೆಗಲ ಮೇಲೆ ಕೈಯೂರಿ ಆರೋಹಣ ಮಾಡುವುದು, ಕಂಡಕ್ಟರು “ರೈಟ್” ಎನ್ನುವುದು. ಹೊಟ್ಟೆ ಗಂಟುಗಂಟಾಗಿ ಊದಿತ್ತು, ಸೀರೆ ನೆರಿಗೆ ಸಿಕ್ಕಿಸಲಾಗುತ್ತಿರಲಿಲ್ಲ. ಆದರೂ ಒಂಬತ್ತು ಚೌಕ ತುಂಬಿದವು.

ಆಗ ನನಗೆ ನರಸೀಪುರದಲ್ಲಿ ಐದು ದಿನದ ತರಬೇತಿಗೆ ಆದೇಶ ಬಂತು. ವಿಷಯ, ಆರೋಗ್ಯ ಶಿಕ್ಷಣ. ಹಳ್ಳಿಗರಲ್ಲಿ ಲಸಿಕೆಯ ಬಗ್ಗೆ ಅರಿವು ಮೂಡಿಸುವುದು ಹೇಗೆಂದು ಐದು ದಿನ ನಮಗೆ ಅರಿವು ಮೂಡಿಸಿದರು. ಗೋಡೆಯ ಪಟಗಳಲ್ಲಿ ಇದ್ದವರೆಲ್ಲ ಗುಂಡುಗುಂಡಾದ ಮಕ್ಕಳೇ; ಮುದುಕರು ಒಬ್ಬರೂ ಇರಲಿಲ್ಲ. ಹೊರಡುವ ಮುನ್ನ ಕಾಲ್ಮಣೆಯ ಜವಾಬ್ದಾರಿಯನ್ನು ನನ್ನ ಹೆಂಡತಿಗೆ ವಹಿಸಿದ್ದೆ. ಅವಳಿಗೆ ಆಗ ಎಂಟು ತಿಂಗಳು. ಮೊದಲ ದಿನ ಅವಳು ಮಣೆ ಎತ್ತಿಕೊಂಡದ್ದನ್ನು ನೋಡಿ ಅಜ್ಜಿ ಗದರಿದರಂತೆ: “ತುಂಬಿದ್ ಬಸ್ರಿ, ಬಗ್ಗಿ ನನ್ ಕಾಲಿಗೆ ಮಣೆ ಆಕ್ತಾಳಂತೆ! ಮಡಗವ್ವ ಅಲ್ಲೆ. ಅಳೀಮಯ್ಯ ಬತ್ತಾನೆ ಅತ್ಸಾಕೆ.” ಹೆಂಡತಿ ನಂಬಿದಳು. ನಂಬದಿರಲು ಕಾರಣವೂ ಇರಲಿಲ್ಲ.

ಐದನೆಯ ದಿನ ಸಂಜೆ, ಸರ್ಟಿಫಿಕೇಟನ್ನು ಸುರುಳಿ ಸುತ್ತಿಕೊಂಡು ಮನೆಗೆ ಬಂದೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದರೆ, ಕಾಲ್ಮಣೆ ನಮ್ಮ ಹಳೆಯ ಬಾವಿಯ ಕಟ್ಟೆಯ ಪಕ್ಕ ಬಿದ್ದಿತ್ತು.

“ಅಜ್ಜಿ ಬಾವಿ ನೋಡೋಕೆ ಬಂದಿದ್ರು. ಕಟ್ಟೆ ಎತ್ತರ ಅಂತ ಅದನ್ನ ಹಾಕ್ಕೊಂಡ್ರು” ಎಂದಳು ಹೆಂಡತಿ.

ನಾಯಿ ಕಚ್ಚಿದರೆ ಏಳು ಬಾವಿ ಇಣುಕಿ ನೀರಲ್ಲಿ ಮುಖ ನೋಡಿಕೊಂಡರೆ ವಿಷ ಇಳಿಯುತ್ತದೆಂದು ನಮ್ಮ ಕಡೆ ನಂಬಿಕೆ. ಸೂಜಿಯ ಮೇಲೆ ಇದೂ ಒಂದಿರಲಿ ಎಂದು ಅಜ್ಜಿ ಎರಡೂ ಇಲಾಖೆಗಳ ಮಂಜೂರಾತಿ ಪಡೆಯುತ್ತಿದ್ದಾರೆಂದುಕೊಂಡು ನಾನು ಜೋರಾಗಿ ನಕ್ಕೆ. ಗೋಡೆಯಾಚೆ ಪುರಿ ಜರಡಿ ಹಿಡಿಯುತ್ತಿದ್ದ ಅಜ್ಜಿಯನ್ನು ಕೂಗಿ, “ಹದಿನಾಲ್ಕೂ ಆಯ್ತಾ ಅಜ್ಜಿ?” ಎಂದು ಕೇಳಿದೆ.

“ಆಯ್ತು ಕಣಪ್ಪ, ಆಯ್ತು.”

ಚೀಟಿ ತೋರಿಸಿ ಎನ್ನಬಹುದಿತ್ತು. ಮಕ್ಕಳ ಮಗ್ಗಿಯನ್ನು ಎರಡೆರಡು ಸಲ ಒಪ್ಪಿಸಿಕೊಳ್ಳುವ ಮೇಷ್ಟ್ರು ನಾನು. ಅಜ್ಜಿಯನ್ನು ಮಾತ್ರ ಒಂದೇ ಸಲಕ್ಕೆ ಪಾಸು ಮಾಡಿದೆ. ನಿಜ ಹೇಳಬೇಕೆಂದರೆ, ಇನ್ನು ಬೆಳಗ್ಗೆ ಎದ್ದು ಮಣೆ ಹೊರುವುದು ತಪ್ಪಿತಲ್ಲ ಎಂಬ ನೆಮ್ಮದಿಯೂ ಇತ್ತು...

ತಿಂಗಳ ಮೇಲೆ ಕೆಲವು ದಿನ ಕಳೆದಿತ್ತು. ಒಂದು ಬೆಳಗ್ಗೆ ಮರಳಿನ ವಾಸನೆ ಬರಲಿಲ್ಲ. ಅಜ್ಜಿಯ ಮಗಳು ಬಾಗಿಲಿಗೆ ಬಂದು ನಿಂತಳು.

“ಅವ್ವ ನೀರ್ ಕುಡೀತಿಲ್ಲ ಮೇಷ್ಟ್ರೇ. ಲೋಟ ಕಂಡ್ರೆ ನಡುಗ್ತಾಳೆ.”

ಅದನ್ನು ಕೇಳಿದ ಕ್ಷಣದಲ್ಲೇ ನನಗೆ ತಿಳಿಯಿತು. ಮತ್ತೆ ಟೆಂಪೋ ತರಿಸಿದೆವು. ಅಳಿಯನೂ ನಾನೂ ಅಜ್ಜಿಯನ್ನು ಎತ್ತಿ ಒಳಗೆ ಮಲಗಿಸಿದೆವು, ಕಾಲ್ಮಣೆ ಬೇಕಾಗಲಿಲ್ಲ. ದಾರಿಯಲ್ಲಿ ಅಳಿಯನನ್ನು ಕೇಳಿದೆ. ಬಸ್ಸು ಹತ್ತಿಸಲು ಅಜ್ಜಿ ಅವನನ್ನು ಕರೆದೇ ಇರಲಿಲ್ಲವಂತೆ. ಮೇಷ್ಟ್ರ ಹೆಂಡತಿ ಮಣೆ ಹಾಕುತ್ತಾಳೆ ಎಂದಿದ್ದರಂತೆ.

ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿ ಕೇಳಿದರು. ಎಲೆಅಡಿಕೆ ಚೀಲದಿಂದ ತೆಗೆದು ಕೊಟ್ಟೆ. ಒಂಬತ್ತು ಚೌಕದಲ್ಲಿ ಸಹಿ. ಐದು ಖಾಲಿ. ಅವರು ಅದನ್ನು ನೋಡಿ, ಮಡಿಚಿ, ನನ್ನ ಕೈಗೇ ವಾಪಸು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅಜ್ಜಿಗೆ ನಡುನಡುವೆ ಪ್ರಜ್ಞೆ ಸ್ವಚ್ಛವಾಗಿರುತ್ತಿತ್ತು. ಅಂಥ ಒಂದು ಗಳಿಗೆಯಲ್ಲಿ ನನ್ನನ್ನು ಹತ್ತಿರ ಕರೆದರು.

“ನಮ್ಮೂರ್ ಬಾವಿಲೆಲ್ಲ ಕಸ ತುಂಬವ್ರೆ ಕಣಪ್ಪ. ನೀರಿರೋ ಬಾವಿ ಉಡುಕ್ಕಂಡು ಬದ್ನಾಳ್ಗಂಟ ನಡ್ದೆ. ಅಯ್ದು ದಿವ್ಸ. ಏಳ್ನೇದು ನಿಮ್ ಇತ್ಲಲ್ಲೇ ಸಿಕ್ತು.” ಉಸಿರು ಎಳೆದುಕೊಂಡು, “ಏಳೂ ನೋಡ್ದೆ. ಒಂದೂ ಬಿಡ್ನಿಲ್ಲ” ಎಂದರು.

ಸೂಜಿ ತಪ್ಪಿಸಿದ್ದರ ಬಗ್ಗೆ ಅವರಿಗೆ ಅಳುಕಿರಲಿಲ್ಲ. ತನ್ನ ಕಾಲಿನಿಂದ ಆಗುವ ಔಷಧ ಯಾವುದೋ ಅದನ್ನು ಚಾಚೂ ತಪ್ಪದೆ ಮುಗಿಸಿದ್ದರು. ನಾನು “ಹೂಂ ಅಜ್ಜಿ” ಎಂದೆ. ಮೂರನೆಯ ದಿನ ತೀರಿಕೊಂಡರು.

ಕಾಲ್ಮಣೆ ಈಗಲೂ ನಮ್ಮ ಮನೆಯಲ್ಲಿದೆ. ಬಾವಿಗೆ ಆಮೇಲೆ ಚಪ್ಪಡಿ ಮುಚ್ಚಿಸಿದೆ. ಅಜ್ಜಿ ಆ ಮಣೆಯ ಮೇಲೆ ನಿಂತು ಅಷ್ಟು ಶ್ರದ್ಧೆಯಿಂದ ಇಣುಕುವಾಗ ಕೆಳಗೆ ಅವರಿಗೆ ಏನು ಕಂಡಿತೋ... ಎಷ್ಟೋ ವರ್ಷ ಯೋಚಿಸಿದ್ದೇನೆ.

“ಇಳಿಯೋವಾಗ ನಿಧಾನ ತಾತ” ಎಂದಳು ನರ್ಸಮ್ಮ. ಆಗಲಮ್ಮ ಎಂದೆ. ಅವಳು ಮಣೆಯನ್ನು ಮಂಚದ ಕೆಳಕ್ಕೆ ತಳ್ಳಿದಳು.

ಹೊರಗೆ ಬಂದು ರಸ್ತೆಯ ಬದಿಯಲ್ಲಿ ಬಸ್ಸಿಗೆ ನಿಂತೆ. ಒಂದು ಬಂತು, ಬಾಗಿಲು ತೆರೆಯಿತು. ಕಂಬಿ ಹಿಡಿದೆ, ಮೆಟ್ಟಿಲು ನೋಡಿದೆ, ಕೈ ಬಿಟ್ಟೆ.

“ಯಾಕ್ ಯಜಮಾನ್ರೇ, ಅತ್ತಲ್ವಾ?” ಎಂದ ಕಂಡಕ್ಟರು.

ರಷ್ಷು ಕಣಪ್ಪ ಎಂದೆ. ಬಸ್ಸು ಖಾಲಿ ಇತ್ತು.