ಮೇಯರಮ್ಮ ಹತ್ತಿದ ಫುಟ್‌ಪಾತ್

ಕರ್ನಾಟಕದ ಒಂದು ನಗರದ ಮೇಯರಮ್ಮ ಚೆನ್ನೈ ನೋಡಲು ಬಂದಾಗ ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು. ಎಗ್ಮೋರಿನ ಹೋಟೆಲಿನಲ್ಲಿ ನಿವೃತ್ತ ಎಂಜಿನಿಯರೊಬ್ಬರು ತಾವು ಮಾಡಿಸಿದ ರಸ್ತೆಗಳ ಚಿತ್ರ ತೋರಿಸುತ್ತಿದ್ದರು. ಸ್ವಲ್ಪ ಹೊತ್ತು ನೋಡಿದ ಮೇಯರಮ್ಮ ನನ್ನ ಕಡೆ ತಿರುಗಿ, "ಇವರ ಕೆಲಸದಲ್ಲಿ ಕೆಟ್ಟುಹೋಗಿದ್ದು ಯಾವುದು ಕೇಳಿ. ನಂಗೆ ಅದನ್ನ ನೋಡ್ಬೇಕು" ಅಂದರು.

ಹಿರಿಯರನ್ನು ಹಾಗೆ ಮುಖಕ್ಕೆ ಹೊಡೆದಂತೆ ಕೇಳುವುದು ಹೇಗೆ? ಮೇಡಂಗೆ ನಿಮ್ಮ ಕೆಲಸ ಬಹಳ ಹಿಡಿಸಿದೆ, ಇನ್ನೊಂದು ಜಾಗ ತೋರಿಸಬೇಕಂತೆ ಎಂದು ತಮಿಳಿನಲ್ಲಿ ನುಣ್ಣಗೆ ಹೇಳಿದೆ.

"ನಾನ್ ಅಪ್ಪಡಿ ಕೇಕ್ಕಲೆ ಸಾರ್," ಎಂದರು ಮೇಯರಮ್ಮ ಎಂಜಿನಿಯರಿಗೆ. ನಾನು ಹಾಗೆ ಕೇಳಲಿಲ್ಲ ಎಂದು, ಅಚ್ಚ ತಮಿಳಿನಲ್ಲಿ. ಕೆಟ್ಟುಹೋದದ್ದನ್ನೇ ತೋರಿಸಿ ಎಂದು ತಾವೇ ಕೇಳಿದರು. ಅವರು ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಪಕ್ಕ, ತಮಿಳರ ನಡುವೆಯಂತೆ. ನನ್ನನ್ನು ಗೊತ್ತುಮಾಡಿದ ಸಂಘಟಕರಿಗೂ ಅದು ತಿಳಿದಿರಲಿಲ್ಲ.

ಎಂಜಿನಿಯರ್ ಜೋರಾಗಿ ನಕ್ಕು ನಮ್ಮನ್ನು ವೆಸ್ಟ್ ಮಾಂಬಲಂಗೆ ಕರೆದೊಯ್ದರು. ಅಲ್ಲಿ ಅವರು ಕಟ್ಟಿಸಿದ್ದ ಫುಟ್‌ಪಾತ್ ಮೊಣಕಾಲೆತ್ತರ ಇತ್ತು. ಜನವೆಲ್ಲ ಕೆಳಗೆ ಆಟೋಗಳ ನಡುವೆಯೇ ನಡೆಯುತ್ತಿದ್ದರು. ಮೇಯರಮ್ಮ ಸೆರಗು ಸಿಕ್ಕಿಸಿ, ನನ್ನ ಭುಜ ಹಿಡಿದು ಕಷ್ಟಪಟ್ಟು ಹತ್ತಿದರು. ಅಲ್ಲೇ ನಿಂತು ಊರಿಗೆ ಫೋನ್ ಮಾಡಿದರು.

"ನಮ್ಮ ಫುಟ್‌ಪಾತ್ ಕೆಲಸ ನಿಲ್ಸಿ, ಎತ್ತರ ಇಳಿಸ್ಬೇಕು. ಹೌದ್ರೀ, ನಾನೇ ಒಪ್ಪಿದ್ದು, ತಪ್ಪಾಯ್ತು. ನನ್ನ ಅವಧಿಲಿ ಮುಗೀದಿದ್ರೆ ಮುಂದಿನವ್ರು ಟೇಪ್ ಕತ್ತರಿಸ್ಲಿ ಬಿಡಿ."

ಕುರ್ಚಿಯಲ್ಲಿರುವವರು ಇಷ್ಟು ಸಲೀಸಾಗಿ ತಪ್ಪು ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಸಂಜೆ ಹೊರಡುವಾಗ ಸಂಘಟಕರು, ದುಭಾಷಿ ಹೇಗಿದ್ದರು ಎಂದು ನನ್ನೆದುರೇ ಅವರನ್ನು ಕೇಳಿದರು.

"ಭಾಷೆ ಚೆನ್ನಾಗಿದೆ," ಎಂದರು ಮೇಯರಮ್ಮ. "ಮರ್ಯಾದೆ ಸ್ವಲ್ಪ ಜಾಸ್ತಿ."